ಸಂಕ್ರಾಂತಿಗೋ ಯುಗಾದಿಗೋ? ತೀರ್ಪಿಗೆ ಮುಂಚೆ ಜೈಲಿನಲ್ಲಿ ಕಳೆದ ದಿನಗಳ ಲೆಕ್ಕ

ಬದುವಿನ ಹೊಲ

ಎಲ್ಲರಿಗೂ ನಮಸ್ಕಾರ. ನಾವು ಹಾವೇರಿ ಜಿಲ್ಲಾದವ್ರು. ನನ್ನ ತಮ್ಮನ ವಿಷಯ ಕೇಳೂದೈತಿ. 2021ರಾಗ ಬದುವಿನ ಸಲುವಾಗಿ ಬಾಜೂ ಹೊಲದವರ ಜೋಡಿ ಹೊಡೆದಾಟ ಆತು. ಇಂವಾ ಕೊಡ್ಲಿ ಬೀಸಿದ, ಅವರ ಮುಂಗೈ ಮುರೀತು. ತಪ್ಪು ಮಾಡ್ಯಾನ, ಅದರಾಗ ನನ್ನ ವಾದ ಏನಿಲ್ಲ. ಆಯುಧದಿಂದ ತೀವ್ರ ಗಾಯ ಮಾಡಿದ್ದಕ್ಕ ಐಪಿಸಿ ಕಲಂ 326 ಹಾಕಿದ್ರು.

2021 ಮಾರ್ಚ್ 9ಕ್ಕ ಹಿಡದ್ರು. ಮೇ 13ಕ್ಕ ಜಾಮೀನು ಆತು, ಆದ್ರ ಷೂರಿಟಿಗೆ ಪಹಣಿ ಕೊಡಾವ್ರು ಸಿಗಲಿಲ್ಲ, ಲಾಕ್‌ಡೌನ್ ಬ್ಯಾರೆ. ಹೊರಗ ಬಂದಿದ್ದು ಮೇ 22ಕ್ಕ. ಆಮ್ಯಾಲೆ ಇಂವಾ ಗೋವಾಕ್ಕ ದುಡಿಲಿಕ್ಕೆ ಹೋಗಿ ನಾಕೈದು ತಾರೀಖು ತಪ್ಪಿಸಿದ. ವಾರೆಂಟ್ ಆತು. 2023 ಜನವರಿ 4ಕ್ಕ ಮತ್ತ ಒಳಗ, ಮಾರ್ಚ್ 17ಕ್ಕ ಹೊರಗ. ಈಗ 2025 ಜೂನ್ 12ಕ್ಕ ತೀರ್ಪು ಆಗಿ 2 ವರ್ಷ ಸಜಾ, 10,000 ರೂಪಾಯಿ ದಂಡ, ದಂಡ ಕಟ್ಟದಿದ್ರ 3 ತಿಂಗಳ ಸಾದಾ ಸಜಾ.

ಜೈಲಿನ್ಯಾಗ ಕೇಳಿದ್ರ ಬಿಡುಗಡೆ 2027ರ ಮಾರ್ಚ್ ಕೊನೀಗೆ ಅಂತಾರ. ನಾ ಎಣಿಸಿದ್ರ ಜನವರಿಗೆ ಆಗಬೇಕು. ಹಳೇ ದಿನ ಎಲ್ಲಾ ಕಳೀತಾರೋ, ಒಂದ್ ಸಲದ್ದಷ್ಟ ಕಳೀತಾರೋ? ಅವ್ವ ದಿನಾ ಕೇಳ್ತಾಳ, ಸಂಕ್ರಾಂತಿಗೆ ಬರ್ತಾನೋ ಯುಗಾದಿಗೆ ಬರ್ತಾನೋ ಅಂತ.

ಕರಿ ಕೋಟು

ಎಲ್ಲವನ್ನೂ ಕಳೆಯಬೇಕು. ದಂಡ ಪ್ರಕ್ರಿಯಾ ಸಂಹಿತೆಯ ಕಲಂ 428, ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಲಂ 468. ಕೋರ್ಟಿನಲ್ಲಿ ಇದಕ್ಕೆ ಎಲ್ಲರೂ ಹೇಳೋದು 'ಸೆಟ್ ಆಫ್' ಅಂತಲೇ. ಅದೇ ಕೇಸಿನ ತನಿಖೆ ಅಥವಾ ವಿಚಾರಣೆಯ ಕಾಲದಲ್ಲಿ, ತೀರ್ಪಿಗೆ ಮುಂಚೆ ಎಷ್ಟು ದಿನ ಬಂಧನದಲ್ಲಿದ್ದರೋ ಅಷ್ಟನ್ನೂ ಸಜೆಯಿಂದ ಕಳೆದು, ಉಳಿದದ್ದು ಏನಾದರೂ ಇದ್ದರೆ ಅದನ್ನು ಮಾತ್ರ ಅನುಭವಿಸಬೇಕು. ಪೊಲೀಸ್ ಕಸ್ಟಡಿ, ನ್ಯಾಯಾಂಗ ಬಂಧನ ಎರಡೂ ಸೇರುತ್ತೆ. ಇದು ನ್ಯಾಯಾಧೀಶರ ಕೃಪೆ ಅಲ್ಲ. ಕಾನೂನಿನಲ್ಲಿರೋ ಪದ 'ಕಳೆಯತಕ್ಕದ್ದು', 'ಕಳೆಯಬಹುದು' ಅಲ್ಲ.

ಜಾಮೀನು ಆದೇಶ ಆದಮೇಲೆ ಷೂರಿಟಿ ಸಿಗದೆ ಒಳಗೇ ಇದ್ದ ಒಂಬತ್ತು ದಿನ ಇದೆಯಲ್ಲ, ಅದೂ ಲೆಕ್ಕಕ್ಕೆ ಬರುತ್ತೆ. ನೋಡಬೇಕಾದ್ದು ಗೇಟು ದಾಟಿ ಹೊರಬಂದ ದಿನವನ್ನು. ಎರಡೂ ತುದಿಯ ದಿನ ಸೇರಿಸಿದರೆ ಮೊದಲ ಸಲ 75, ಎರಡನೇ ಸಲ 73, ಒಟ್ಟು 148. ಎರಡು ವರ್ಷ ಮುಗಿಯೋದು 2027 ಜೂನ್ 11ಕ್ಕೆ. ಅದರಲ್ಲಿ 148 ಕಳೆದರೆ ಜನವರಿ 14. 73 ಮಾತ್ರ ಕಳೆದರೆ ಮಾರ್ಚ್ 30. ಅಂದರೆ ಜೈಲಿನವರಿಗೆ ಮೊದಲ 75 ದಿನ ಕಂಡೇ ಇಲ್ಲ.

ಒಂದು ಪ್ರಶ್ನೆ: ತಮ್ಮ ತಪ್ಪಿಸಿಕೊಂಡಾಗ ಕೇಸು ಸ್ಪ್ಲಿಟ್ ಅಪ್ ಆಯ್ತಾ, ಅಂದರೆ ಅವನೊಬ್ಬನದನ್ನು ಬೇರೆ ಮಾಡಿದ್ರಾ? ಸಿ.ಸಿ. ನಂಬರು, ಅಂದರೆ ಕೋರ್ಟಿನ ಕೇಸು ನಂಬರು, ಬದಲಾಗಿದೆಯಾ? ಇನ್ನೊಂದು, ಎರಡು ವರ್ಷದ ಸಜೆಗೆ ಅಪೀಲು ಹಾಕಿ ಸಜೆ ಅಮಾನತು ಕೇಳಲಿಲ್ಲವೇ?

ಬದುವಿನ ಹೊಲ

ಹೌದ್ರಿ ಸರ್, ನಂಬರ್ ಬ್ಯಾರೆ ಆಗೇತಿ. ಇಂವನ ಜೋಡಿ ಇನ್ನಿಬ್ಬರು ಆರೋಪಿ ಇದ್ರು, ಅವರದು ಹಳೇ ನಂಬರಿನ್ಯಾಗ 2022ರಾಗ ಮುಗದು ಬಿಡುಗಡೆ ಆತು. ಇವನ್ನಷ್ಟ ಬ್ಯಾರೆ ತಗದ್ರು. ಅಮಾನತು ಕೇಳೀವಿ, ಹಿಂದ ಓಡಿ ಹೋದಂವ ಅಂತ ಕೆಳಗಿನ ಕೋರ್ಟಿನ್ಯಾಗ ಕೊಡಲಿಲ್ಲ. ಅಪೀಲು ಹಾಕೀವಿ, ಇನ್ನೂ ಬಂದಿಲ್ಲ.

ಹಳೇ ವಾರ್ಡರ್

ಅಲ್ಲೇ ಇರೋದು ನೋಡಿ ಗಂಟು. ನಾನು ಮೂವತ್ತು ವರ್ಷ ಜೈಲಿನಲ್ಲಿ ಸೇವೆ ಮಾಡಿ ನಿವೃತ್ತನಾದವನು. ಜೈಲು ಕಚೇರಿಯಲ್ಲಿ ಕೂತ ಗುಮಾಸ್ತನ ಮುಂದೆ ಬರೋದು ಸಜಾ ವಾರೆಂಟ್. ಅದರಲ್ಲಿ ಹೊಸ ಸಿ.ಸಿ. ನಂಬರು ಇರುತ್ತೆ. ಅವನು ಆ ನಂಬರಿಗೆ ರಿಜಿಸ್ಟರ್ ತೆಗೀತಾನೆ, 2023ರ ಎಂಟ್ರಿ ಸಿಗುತ್ತೆ. 2021ರದ್ದು ಹಳೇ ನಂಬರಿನಲ್ಲಿದೆ. ಇನ್ನೂ ಎಷ್ಟೋ ಸಲ ಮೊದಲ ಬಂಧನ ತಾಲೂಕಿನ ಸಬ್‌ಜೈಲಲ್ಲಿ ಆಗಿರುತ್ತೆ, ಸಜೆ ಅನುಭವಿಸೋದು ಸೆಂಟ್ರಲ್ ಜೈಲಲ್ಲಿ. ಆ ಪುಸ್ತಕವೇ ಬೇರೆ ಊರಿನಲ್ಲಿ. ಯಾರಿಗೂ ದ್ವೇಷ ಇಲ್ಲ ಸ್ವಾಮಿ, ಕಾಗದ ಏನು ಹೇಳುತ್ತೋ ಅಷ್ಟೆ.

ಎಫ್‌ಐಆರ್‌ನ ಕ್ರೈಂ ನಂಬರ್ ಎರಡಕ್ಕೂ ಒಂದೇ ತಾನೆ? ಅದನ್ನು ಹಿಡ್ಕೊಳ್ಳಿ. 'ಅದೇ ಕೇಸು' ಅನ್ನೋದಕ್ಕೆ ಅದೇ ಸಾಕ್ಷಿ.

ನೇರಮಾತು

ಎಲ್ಲರೂ ಹೊಡೆದವನ ದಿನ ಎಣಿಸ್ತಾ ಇದೀರ. ಕೈ ಮುರಿಸಿಕೊಂಡವನ ದಿನ ಎಣಿಸೋರು ಯಾರು? ಎರಡು ವರ್ಷ ಅಂತ ಕೋರ್ಟು ಹೇಳಿದ ಮೇಲೆ ಎರಡು ವರ್ಷ. ಅದರಲ್ಲೂ ರಿಯಾಯಿತಿ ಕೊಡೋ ಈ ಕಾನೂನು ಯಾರಿಗೋಸ್ಕರ?

ಬದುವಿನ ಹೊಲ

ಅಣ್ಣಾರ, ನಿಮ್ಮ ಮಾತು ಖರೇ ಐತಿ. ಅವರ ಮನೀಗೆ ಹೋಗಿ ಕೈ ಮುಗದು ಬಂದೀನಿ. ಎರಡು ವರ್ಷ ಇರಲಿ. ಎರಡು ವರ್ಷ ಎರಡು ತಿಂಗಳು ಯಾಕಂತ ಕೇಳಾಕತ್ತೀನಿ.

ಕರಿ ಕೋಟು

ಇದಕ್ಕಿಂತ ಚೆನ್ನಾಗಿ ನಾನು ವಾದ ಮಾಡಲಾರೆ. ಆದರೂ ಹಿನ್ನೆಲೆ ಹೇಳ್ತೀನಿ. 1898ರ ಹಳೇ ಸಂಹಿತೆಯಲ್ಲಿ ಈ ಕಲಮೇ ಇರಲಿಲ್ಲ. ಒಬ್ಬ ಬಡವ ಜಾಮೀನು ಸಿಗದೆ ಮೂರು ವರ್ಷ ಒಳಗಿದ್ದು, ಆಮೇಲೆ ಎರಡು ವರ್ಷ ಸಜೆ ಆದರೆ ಒಟ್ಟು ಐದು. ಅದೇ ಅಪರಾಧಕ್ಕೆ ಮೊದಲ ವಾರವೇ ಜಾಮೀನು ತಗೊಂಡ ಸ್ಥಿತಿವಂತನಿಗೆ ಎರಡು. ನ್ಯಾಯಾಧೀಶರ ಮನಸ್ಸಿಗೆ ಬಂದರೆ ಕಡಿಮೆ ಮಾಡೋರು, ಇಲ್ಲದಿದ್ದರೆ ಇಲ್ಲ. 1973ರ ಸಂಹಿತೆ ತರುವಾಗ ಸಂಸತ್ತಿನ ಜಂಟಿ ಸಮಿತಿ ಇದನ್ನೇ ಎತ್ತಿ ಹೇಳಿತು: ಎಷ್ಟೋ ಜನ ವಿಚಾರಣಾಧೀನರಾಗಿ ಕಳೆದ ಕಾಲವೇ ಕೊನೆಗೆ ಬಿದ್ದ ಸಜೆಗಿಂತ ಹೆಚ್ಚಿತ್ತು ಅಂತ. ಹಾಗೆ 428 ಬಂತು. 1974 ಏಪ್ರಿಲ್ 1ರಿಂದ ಜಾರಿ. ಅದಕ್ಕೂ ಮುಂಚೆ ತೀರ್ಪಾಗಿ ಇನ್ನೂ ಒಳಗಿದ್ದವರಿಗೂ ಇದು ಅನ್ವಯ ಅಂತ ಸುಪ್ರೀಂ ಕೋರ್ಟ್ 1975ರಲ್ಲಿ ತಿಹಾರ್ ಜೈಲಿನ ಒಬ್ಬ ಫ್ರೆಂಚ್ ಕೈದಿಯ ಅರ್ಜಿಯಲ್ಲಿ ಹೇಳಿತು.

ಸಜೆ ಎರಡು ವರ್ಷವೇ ಉಳಿಯುತ್ತೆ. ಅರ್ಧ ಹಣ ಮುಂಗಡ ಕೊಟ್ಟ ಮೇಲೆ ಅಂಗಡಿಯವನು ಪೂರ್ತಿ ಬಿಲ್ಲು ಮತ್ತೆ ಕೇಳಬಾರದು ಅನ್ನೋದಷ್ಟೇ ಈ ಕಲಂ.

ಮಲ್ಲಿಗೆ ದಂಡೆ

ಸಂಜಯ್ ದತ್‌ಗೆ ಆಗಿದ್ದೂ ಇದೇನಾ? ಆಗ ಟೀವಿಯಲ್ಲಿ ಬರೀ ವಿಐಪಿ ಅಂತ ಬಿಟ್ರು ಅಂತ ಕೂಗಾಡಿದ್ರು.

ಹಳೇ ವಾರ್ಡರ್

ಅರ್ಧ ಹೌದು ತಾಯಿ. 2013ರಲ್ಲಿ ಸುಪ್ರೀಂ ಕೋರ್ಟು ಐದು ವರ್ಷ ಅಂದಿತು. ಮೊದಲೇ 18 ತಿಂಗಳು ಇದ್ದದ್ದರಿಂದ ಉಳಿದದ್ದು 42 ತಿಂಗಳು. ಅಲ್ಲಿಗೆ ಹಳೇ ದಿನದ ಲೆಕ್ಕ ಮುಗೀತು. 2013 ಮೇಯಲ್ಲಿ ಒಳಗೆ ಹೋದವರು 2016 ನವೆಂಬರಿಗೆ ಬರಬೇಕಿತ್ತು, ಫೆಬ್ರವರಿ 25ಕ್ಕೇ ಬಂದರು. ಆ ಎಂಟೂವರೆ ತಿಂಗಳು ಮಾಫಿ, ಅಂದರೆ ರಿಮಿಷನ್. ನಡತೆಗೆ, ಕೆಲಸಕ್ಕೆ ಜೈಲು ಕೊಡೋದು. ಜನ ಎರಡನ್ನೂ ಕಲಸಿ ಬೈತಾರೆ. ಸೆಟ್ ಆಫ್ ಹಕ್ಕು, ಮಾಫಿ ಗಳಿಸಿಕೊಳ್ಳೋದು.

ನಮ್ಮ ಪರಪ್ಪನ ಅಗ್ರಹಾರದ ಲೆಕ್ಕವೇ ಬೇಕಾದರೆ ಜಯಲಲಿತಾ ಅವರ ಆಪ್ತೆ ಶಶಿಕಲಾ ಅವರದ್ದು ನೋಡಿ. ನಾಲ್ಕು ವರ್ಷದ ಸಜೆ. ಶರಣಾದದ್ದು 2017 ಫೆಬ್ರವರಿ 15. ನೇರವಾಗಿ ಎಣಿಸಿದರೆ 2021 ಫೆಬ್ರವರಿ 14. ಬಿಡುಗಡೆ ಆದದ್ದು ಜನವರಿ 27, ಆವತ್ತು ಅವರು ಕೋವಿಡ್ ಆಗಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿದ್ದರು. ಹಿಂದೆ ಒಳಗಿದ್ದ ದಿನ ಕಳೀತಾರೆ, ಪೆರೋಲ್ ಮೇಲೆ ಹೊರಗಿದ್ದ ದಿನ ಕೂಡ್ತಾರೆ, ಹಾಗೆ ಬರುತ್ತೆ ದಿನಾಂಕ. ಮಾಹಿತಿ ಹಕ್ಕಿನಲ್ಲಿ ಕೇಳಿದವರಿಗೆ ಇಲಾಖೆ ಎರಡು ದಿನಾಂಕ ಕೊಟ್ಟಿತ್ತು: ದಂಡ ಕಟ್ಟಿದರೆ 27-1-2021, ಕಟ್ಟದಿದ್ದರೆ 27-2-2022. ಹತ್ತು ಕೋಟಿ ದಂಡ, ಕಟ್ಟಿದರು.

ಬದುವಿನ ಹೊಲದವರೇ, ಇದರಿಂದ ನಿಮಗೊಂದು ಮಾತು. ದಂಡದ ಬದಲಿಗೆ ಬೀಳೋ ಮೂರು ತಿಂಗಳಿಗೆ ಈ 148 ದಿನ ಹಚ್ಚೋಕಾಗಲ್ಲ. ಅದನ್ನು ಕಲಮಿನಲ್ಲೇ ಹೊರಗಿಟ್ಟಿದ್ದಾರೆ. ಹತ್ತು ಸಾವಿರ ಮೊದಲು ಕಟ್ಟಿ ರಸೀದಿ ಜೈಲಿಗೆ ಮುಟ್ಟಿಸಿ. ಇಷ್ಟೆಲ್ಲ ಹೋರಾಡಿ ಎಪ್ಪತ್ತೈದು ದಿನ ಗೆದ್ದು, ದಂಡದ ತೊಂಬತ್ತು ದಿನ ಕೂತವರನ್ನು ನಾನೇ ಕಂಡಿದ್ದೀನಿ.

ಕಾನೂನು ಮೂರನೇ ವರ್ಷ

ನನ್ನ ಸಂದೇಹ: ಎರಡು ಬೇರೆ ಬೇರೆ ಕೇಸಿನಲ್ಲಿ ಒಟ್ಟಿಗೇ ಒಳಗಿದ್ದರೆ? ಒಂದೇ ದಿನವನ್ನು ಎರಡು ಕೇಸಿನಲ್ಲೂ ಕಳೆಯಬಹುದಾ? 1984ರ ರಘಬೀರ್ ಸಿಂಗ್ ತೀರ್ಪು ಆಗಲ್ಲ ಅನ್ನುತ್ತೆ ಅಂತ ನೋಟ್ಸಿನಲ್ಲಿದೆ.

ಕರಿ ಕೋಟು

ನಿಮ್ಮ ನೋಟ್ಸು ಹಳೇದಾಯ್ತು. 2001ರಲ್ಲಿ ಮಹಾರಾಷ್ಟ್ರದ ನಜಾಕತ್ ಅಲಿಯಾ ಪ್ರಕರಣದಲ್ಲಿ ಮೂವರ ಪೀಠ ಬಹುಮತದಿಂದ ಅದನ್ನು ಬದಿಗಿಟ್ಟಿತು. ಎರಡೂ ಕೇಸಿನಲ್ಲಿ ಬಂಧನ ಇದ್ದರೆ ಎರಡರಲ್ಲೂ ಕಳೆಯಬೇಕು. ಆದರೆ 'ಬಂಧನ ಇದ್ದರೆ' ಅನ್ನೋದೇ ಮುಖ್ಯ. ಒಬ್ಬ ಮೊದಲ ಕೇಸಿನಲ್ಲಿ ಜೈಲಿನಲ್ಲಿದ್ದಾನೆ, ಎರಡನೇ ಕೇಸಿನ ಪೊಲೀಸರು ಬಾಡಿ ವಾರೆಂಟ್ ಮೇಲೆ ಕರೆಸಿಕೊಂಡು ಬಂಧನ ತೋರಿಸಿಯೇ ಇಲ್ಲ ಅನ್ನಿ. ಆಗ ಎರಡನೇ ಕೇಸಿನಲ್ಲಿ ಆ ದಿನಗಳು ಸೊನ್ನೆ. ಮುನ್ನೆಚ್ಚರಿಕೆ ಬಂಧನದ ಕಾಲವೂ ಸೇರಲ್ಲ, ಅದು ಆ ಕೇಸಿನ ಬಂಧನ ಅಲ್ಲ ಅಂತ 1977ರಲ್ಲೇ ಆಂಧ್ರದ ಒಂದು ಪ್ರಕರಣದಲ್ಲಿ ತೀರ್ಮಾನ ಆಗಿದೆ.

ಜೀವಾವಧಿಯವರಿಗೂ ಇದು ಸಿಗುತ್ತೆ. 1982ರಲ್ಲಿ ಸುಪ್ರೀಂ ಕೋರ್ಟು ಸಿಗಲ್ಲ ಅಂದಿತ್ತು. 1985ರ ಭಗೀರಥ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ ಅದನ್ನು ತಿದ್ದಿತು. ಜೀವಮಾನದಿಂದ ಕಳೆಯೋದು ಹೇಗೆ ಅಂತ ನಗಬೇಡಿ. ಸರ್ಕಾರ ಬಿಡುಗಡೆ ಯೋಚಿಸುವಾಗ 14 ವರ್ಷದ ಲೆಕ್ಕ ಬರುತ್ತಲ್ಲ, ಅದರೊಳಗೆ ಈ ದಿನಗಳು ಸೇರುತ್ತೆ. 2005ರ ತಿದ್ದುಪಡಿಯಲ್ಲಿ ಅದನ್ನು ಕಲಮಿಗೇ ಬರೆದರು.

ಟೊರಾಂಟೊ ತಿಂಡಿಪೋತ

ಇಲ್ಲಿ ಕೆನಡಾದಲ್ಲಿ ಇದೇ ವಿಷಯ ದೊಡ್ಡ ಜಗಳ. ಮುಂಚೆ ತೀರ್ಪಿಗೆ ಮೊದಲು ಒಂದು ದಿನ ಒಳಗಿದ್ದರೆ ಎರಡು ದಿನ ಕಳೆಯೋದು ರೂಢಿ. 2010ರಲ್ಲಿ ಜಾರಿಯಾದ ಕಾನೂನು ಅದನ್ನು ಒಂದಕ್ಕೆ ಒಂದು, ಕಾರಣ ಇದ್ದರೆ ಹೆಚ್ಚೆಂದರೆ ಒಂದೂವರೆ ಅಂತ ಕಟ್ಟಿಹಾಕಿತು. 2014ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು ನನಗೆ ಇಷ್ಟವಾಯ್ತು: ಸಜೆ ಆದವನು ನಡತೆ ನೋಡಿ ಬೇಗ ಹೊರಗೆ ಬರ್ತಾನೆ, ವಿಚಾರಣೆಗೆ ಕಾಯ್ತಿರೋನಿಗೆ ಆ ಲೆಕ್ಕವೇ ಶುರುವಾಗಿರಲ್ಲ. ಹಾಗಾಗಿ ಒಂದಕ್ಕೆ ಒಂದು ಕಳೆದರೂ ಅವನು ನಷ್ಟದಲ್ಲೇ ಇರ್ತಾನೆ. ಆ ನಷ್ಟ ಒಂದೇ ಸಾಕು ಒಂದೂವರೆ ಕೊಡೋಕೆ ಅಂತ.

ಊರಲ್ಲಿ ಒಂದಕ್ಕೆ ಒಂದೇ ಅಲ್ವಾ?

ಹಳೇ ವಾರ್ಡರ್

ಒಂದಕ್ಕೆ ಒಂದೇ. ಅದೂ ಸಿಕ್ಕರೆ. ನೀವು ಹೇಳಿದ ನಷ್ಟ ಇಲ್ಲೂ ಇದೆ. ಅಂಡರ್‌ಟ್ರಯಲ್ ಆಗಿ ಕಳೆದ ದಿನಕ್ಕೆ ಮಾಫಿ ಹುಟ್ಟಲ್ಲ. ಸಜೆಯವನಿಗೆ ಬೇಕರಿ, ಮಗ್ಗ, ತೋಟ ಅಂತ ಕೆಲಸ, ಕೂಲಿ, ಮಾಫಿ ಇರುತ್ತೆ. ಅಂಡರ್‌ಟ್ರಯಲ್‌ಗೆ ಇರೋದು ಒಂದೇ ಕೆಲಸ, ಮುಂದಿನ ತಾರೀಖು ಕಾಯೋದು. ಸಜೆಯವನು ಗೋಡೆ ಮೇಲೆ ಗೀಟು ಹಾಕಿ ಇಷ್ಟು ಉಳೀತು ಅಂತ ಎಣಿಸ್ತಾನೆ. ಇವನಿಗೆ ಎಲ್ಲಿಂದ ಕಳೀಬೇಕು ಅಂತಲೇ ಗೊತ್ತಿಲ್ಲ. ರಾತ್ರಿ ನಿದ್ದೆ ಮಾಡದೇ ಇರೋರು ಯಾರು ಅಂತ ಯಾವ ವಾರ್ಡರನ್ನಾದರೂ ಕೇಳಿ, ಅಂಡರ್‌ಟ್ರಯಲ್‌ಗಳು ಅಂತಾನೆ.

ಸಿರಾ ಕಡೆಯವಳು

ಎಲ್ಲಾ ಓದ್ದೆ. ನಮ್ಮ ಮನೆಯವರು ಎರಡು ವರ್ಷ ನಾಲ್ಕು ತಿಂಗಳು ಒಳಗಿದ್ರು. ಕೊನೆಗೆ ಸಾಕ್ಷಿ ಇಲ್ಲ ಅಂತ ಬಿಡುಗಡೆ. ಶಿಕ್ಷೆ ಆದವರಿಗಾದ್ರೂ ಆ ದಿನ ಎಲ್ಲೋ ಒಂದು ಕಡೆ ಕಳೆದು ಹೋಗುತ್ತೆ. ನಮ್ಮ ದಿನ ಯಾವುದರಿಂದ ಕಳೀತಾರೆ ಸರ್? ಮಗಳು ಅಂಗನವಾಡಿಗೆ ಹೋಗೋಳು ಎರಡನೇ ಕ್ಲಾಸಿಗೆ ಬಂದಿದ್ಲು ಅವರು ಬರೋ ಹೊತ್ತಿಗೆ.

ಕರಿ ಕೋಟು

ಅಕ್ಕ, ಕಳೆಯೋಕೆ ಜಾಗ ಇಲ್ಲ. ಖುಲಾಸೆ ಆದವರಿಗೆ ಇಷ್ಟು ದಿನಕ್ಕೆ ಇಷ್ಟು ಅಂತ ಪರಿಹಾರ ಕೊಡೋ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಆಧಾರವಿಲ್ಲದೆ ಬಂಧನ ಮಾಡಿಸಿದವರಿಂದ ಪರಿಹಾರ ಅಂತ 1973ರ ಸಂಹಿತೆಯಲ್ಲಿ ಒಂದು ಕಲಂ ಇತ್ತು, 358. ಮಿತಿ ಎಷ್ಟು ಅಂತೀರಿ? ಒಂದು ಸಾವಿರ ರೂಪಾಯಿ. 2018ರಲ್ಲಿ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಇದಕ್ಕೊಂದು ವ್ಯವಸ್ಥೆ ಬೇಕು ಅಂತ ಶಿಫಾರಸು ಮಾಡಿತು. ನಿಮಗೆ ಸಮಾಧಾನ ಆಗೋ ಉತ್ತರ ನನ್ನ ಹತ್ತಿರ ಇಲ್ಲ.

ನೇರಮಾತು

ಈ ಅಕ್ಕನ ಮಾತಿಗೆ ನಾನು ಏನೂ ಹೇಳಲಾರೆ. ಎರಡು ವರ್ಷ ಜಾಮೀನು ಸಿಗಲಿಲ್ಲವೇ?

ಸಿರಾ ಕಡೆಯವಳು

ಸಿಕ್ಕಿತ್ತು. ಇಬ್ಬರು ಷೂರಿಟಿ, ಲಕ್ಷದ ಬಾಂಡು. ಯಾರ ಹತ್ರ ಹೋಗಲಿ.

ಕಾನೂನು ಮೂರನೇ ವರ್ಷ

2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು, ಅದರಲ್ಲಿ 4,34,302 ಜನ ವಿಚಾರಣಾಧೀನರು. ನೂರಕ್ಕೆ 75.8. ಕ್ಲಾಸಿನಲ್ಲಿ ಈ ಅಂಕಿ ಬರೆದುಕೊಂಡಾಗ ಏನೂ ಅನ್ನಿಸಿರಲಿಲ್ಲ.

ಕರಿ ಕೋಟು

ಒಳಗೆ ಯಾರಾದರೂ ಇನ್ನೂ ಕಾಯ್ತಾ ಇದ್ದರೆ ಅವರ ಮನೆಯವರಿಗೆ ಇದೊಂದು ಗೊತ್ತಿರಲಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 479. ಆ ಅಪರಾಧಕ್ಕಿರೋ ಗರಿಷ್ಠ ಸಜೆಯ ಅರ್ಧದಷ್ಟು ಕಾಲ ಒಳಗಿದ್ದರೆ, ಹಿಂದೆ ಯಾವ ಶಿಕ್ಷೆಯೂ ಆಗಿಲ್ಲದವರಾದರೆ ಮೂರನೇ ಒಂದು ಭಾಗ ಮುಗಿಸಿದ್ದರೆ, ಬಿಡುಗಡೆ ಕೇಳಬಹುದು. ಅರ್ಜಿಯನ್ನು ಜೈಲು ಸೂಪರಿಂಟೆಂಡೆಂಟರೇ ಕೋರ್ಟಿಗೆ ಹಾಕಬೇಕು. ಗಲ್ಲು, ಜೀವಾವಧಿ ಇರೋ ಅಪರಾಧಕ್ಕೆ ಇಲ್ಲ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೂ ತೊಡಕು. ಆ ಸಂಹಿತೆ ಜಾರಿಯಾದ 2024 ಜುಲೈ 1ಕ್ಕೆ ಮುಂಚಿನ ಕೇಸುಗಳಿಗೂ ಇದು ಅನ್ವಯ ಅಂತ ಅದೇ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬದುವಿನ ಹೊಲದವರಿಗೆ: ಹಳೇ ಸಿ.ಸಿ. ನಂಬರಿನ ಆರ್ಡರ್ ಶೀಟಿನ ದೃಢೀಕೃತ ನಕಲು ತೆಗೆಸಿ. ರಿಮ್ಯಾಂಡ್ ವಿಸ್ತರಣೆಯ ಒಂದೊಂದು ತಾರೀಖೂ ಅದರಲ್ಲಿರುತ್ತೆ. ಮೊದಲ ಸಲ ಇದ್ದ ಜೈಲಿನಿಂದ ಒಳಗೆ ಬಂದ ದಿನ, ಹೊರಗೆ ಹೋದ ದಿನದ ಪ್ರಮಾಣಪತ್ರ ಕೇಳಿ. ಎರಡನ್ನೂ ಇಟ್ಟು ಶಿಕ್ಷೆ ಕೊಟ್ಟ ಕೋರ್ಟಿನಲ್ಲಿ ವಾರೆಂಟ್ ತಿದ್ದುಪಡಿಗೆ ಅರ್ಜಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರೋರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತೆ.

ಹಳೇ ವಾರ್ಡರ್

ತಡ ಮಾಡಬೇಡಿ. ಇನ್ನೂ ವರ್ಷ ಇದೆ ಅಂತ ಕೂತರೆ ಆ ವರ್ಷ ಹೋಗೋದು ಗೊತ್ತಾಗಲ್ಲ. 2022ರಲ್ಲಿ ಛತ್ತೀಸ್‌ಗಢದ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಹೈಕೋರ್ಟು ಸಜೆಯನ್ನು ಏಳು ವರ್ಷಕ್ಕೆ ಇಳಿಸಿದ್ದರೂ ಆ ಮನುಷ್ಯ ಹತ್ತು ವರ್ಷಕ್ಕೂ ಹೆಚ್ಚು ಒಳಗಿದ್ದ. ಏಳೂವರೆ ಲಕ್ಷ ಪರಿಹಾರ ಕೊಡಿ ಅಂತ ಸರ್ಕಾರಕ್ಕೆ ಆದೇಶ ಆಯ್ತು. ಅದನ್ನು ಪೇಪರಿನಲ್ಲಿ ಓದಿದ ದಿನ ನಾನು ಕೆಲಸದಲ್ಲಿದ್ದಾಗ ಸಹಿ ಹಾಕಿದ ರಿಜಿಸ್ಟರುಗಳೆಲ್ಲ ನೆನಪಾದವು. ಅದರಲ್ಲೂ ಎಷ್ಟು ತಪ್ಪಿದ್ದವೋ.

ಬದುವಿನ ಹೊಲ

ಐದು ವಾರ ಆತು, ಬಂದು ಹೇಳಬೇಕಂತ ಬಂದೀನಿ. ಆರ್ಡರ್ ಶೀಟ್ ನಕಲು ಸಿಕ್ತು. ಹಳೇ ಸಬ್‌ಜೈಲಿಗೆ ಮೂರು ಸಲ ಅಡ್ಡಾಡಿದ ಮ್ಯಾಲೆ ಪ್ರಮಾಣಪತ್ರಾನೂ ಕೊಟ್ರು. ಪ್ರಾಧಿಕಾರದ ವಕೀಲ್ರು ಅರ್ಜಿ ಹಾಕಿದ್ರು, ಹತ್ತು ನಿಮಿಷದಾಗ ಆದೇಶ ಆತು. ದಂಡದ ರಸೀದಿನೂ ಮುಟ್ಟಿಸೀನಿ. ಅಪೀಲು ಮುಂದಿನ ತಿಂಗಳು ಐತಿ, ಅದರಾಗ ಏನಾಗ್ತೈತೋ ನೋಡೂಣು.

ಆದ್ರ ಈಗ ಕೊಟ್ಟ ತಾರೀಖು 2027 ಜನವರಿ 15. ಹದಿನಾಲ್ಕಲ್ಲ. 75ರ ಬದ್ಲಿ 74 ಹಿಡದಾರ. ಪ್ರಮಾಣಪತ್ರದಾಗ ಮಾರ್ಚ್ 10 ಅಂತ ಐತಿ, ಯಾಕಂದ್ರ ಜೈಲಿಗೆ ಬಂದಿದ್ದು ಅವತ್ತ. 9ಕ್ಕ ಮಧ್ಯಾಹ್ನ ಹಿಡದು ಸ್ಟೇಷನ್ನಿನ್ಯಾಗ ಕುಂದರಿಸಿದ್ರು. ನಾ ಇರಲಿ ಬಿಡು ಅಂದೆ. ಅವ್ವ ಬಿಡವಲ್ಲಳು. ಅವತ್ತು ಬುತ್ತಿ ಕಟಗೊಂಡು ಸ್ಟೇಷನ್ನಿಗೆ ಹೋದಾಕಿ ನಾನು, ಆ ದಿನ ಎಲ್ಲಿ ಹೋತು ಅಂತ ಕೇಳಾಕತ್ಯಾಳ.

ಕರಿ ಕೋಟು

ಅವ್ವ ಹೇಳೋದೇ ಸರಿ. ಪೊಲೀಸರು ಹಿಡಿದ ಗಳಿಗೆಯಿಂದ ಬಂಧನ, ಜೈಲು ಗೇಟಿನಿಂದಲ್ಲ. ಅರೆಸ್ಟ್ ಮೆಮೊದಲ್ಲಿ ದಿನಾಂಕ, ಸಮಯ ಎರಡೂ ಇರುತ್ತೆ, ಚಾರ್ಜ್‌ಶೀಟಿನ ಜೊತೆ ಲಗತ್ತಿಸಿರ್ತಾರೆ. ಅದರ ನಕಲಿಗೆ ನಾಳೆಯೇ ಅರ್ಜಿ ಕೊಡಿ.